ಹುಣಸೆಹಣ್ಣಲ್ಲಿ ತೊಳೆದ ಟ್ರಕ್

ಮೊದಲೇ ಹೇಳಿಬಿಡ್ತೀನಿ, ಆ ಟ್ರಕ್ಕನ್ನ ನನಗೆ ಯಾರೂ ಕೊಡಿಸಲಿಲ್ಲ. ಪರ್ತ್‌ನ ಥಾರ್ನ್ಲಿಯಲ್ಲಿ ಸೂಪರ್‌ಮಾರ್ಕೆಟ್ಟಿನ ಬೆಳಗಿನ ಶಿಫ್ಟಲ್ಲಿ ಎರಡು ವರ್ಷ ಹಾಲಿನ ಕ್ಯಾನು ಜೋಡಿಸಿ ಉಳಿಸಿದ ದುಡ್ಡು, ನಂದೇ. ಊರಾಚೆ ಒಂದು ಶೆಡ್ಡಿನಲ್ಲಿ ಕೋಳಿಗಳು ಮೊಟ್ಟೆ ಇಡೋ ಜಾಗ ಮಾಡ್ಕೊಂಡಿದ್ದ ಅಮೆರಿಕದ ಹಳೇ ಪಿಕಪ್ ಟ್ರಕ್ ಅದು. ಅರವತ್ತರ ದಶಕದ್ದು. ಸ್ಟೀರಿಂಗ್ ಎಡಗಡೆ, ಎಂಜಿನ್ ಜಾಮ್. ಆ ಹೊಲದ ಯಜಮಾನ, ಎಳ್ಕೊಂಡು ಹೋಗೋದಾದ್ರೆ ಹೋಗು ಅನ್ನೋ ಬೆಲೆಗೆ ಕೊಟ್ಟ.

ಮೈಸೂರಲ್ಲಿ ನಾನು ಆಟೊಮೊಬೈಲ್ ಡಿಪ್ಲೊಮಾ ಮಾಡಿದವಳು. ಇಡೀ ಕ್ಲಾಸಿಗೆ ಒಬ್ಬಳೇ ಹುಡುಗಿ. ಓದು ಮುಗಿಸಿ ಸರ್ವೀಸ್ ಸ್ಟೇಷನ್ನಿಗೆ ಸೇರಿದರೆ ಸ್ಪ್ಯಾನರ್ ಬದಲು ಕೈಗೆ ಫೋನ್ ಕೊಟ್ಟರು. "ಸರ್, ನಿಮ್ಮ ಗಾಡಿ ನಾಲ್ಕು ಗಂಟೆಗೆ ರೆಡಿ ಸರ್" ಅಂತ ಆರು ವರ್ಷ ಹೇಳಿದೆ. ಒಂದೇ ಒಂದು ಗಾಡೀನೂ ನಾನು ರೆಡಿ ಮಾಡಲಿಲ್ಲ. ಆಮೇಲೆ ಮದುವೆ, ಗಂಡನ ವೀಸಾ, ಪರ್ತ್. ನನ್ನ ಕೈಯಲ್ಲಿ ಒಂದು ಎಂಜಿನ್ ಓಡುತ್ತೋ ಇಲ್ವೋ ನೋಡಿಯೇ ಬಿಡೋಣ ಅಂತ ಹಠ ಬಂದಿತ್ತು, ಅಷ್ಟೇ.

ನನ್ನ ಗಂಡನ ಅಣ್ಣ, ನಮ್ಮ ಭಾವ, ಬ್ರಿಸ್ಬೇನ್ ಪಕ್ಕದ ಇಪ್ಸ್‌ವಿಚ್‌ನಲ್ಲಿದ್ದರು. ವೀಡಿಯೊ ಕಾಲಲ್ಲಿ ಟ್ರಕ್ ನೋಡಿ ಬಿದ್ದು ಬಿದ್ದು ನಕ್ಕರು.

"ಲಾರಿ ಡ್ರೈವರ್ ಆಗೋಕೆ ಆಸ್ಟ್ರೇಲಿಯಾಗೆ ಬಂದ್ಯೇನಮ್ಮಾ?"

ಅವತ್ತಿಂದ ಪ್ರತಿ ಭಾನುವಾರ ಅದೇ ಪಲ್ಲವಿ, "ಲಾರಿಗೆ ಜೀವ ಬಂತಾ?" ಭಾವ ಕೆಟ್ಟವರಲ್ಲ. ಆದರೆ ಯಾವ ವಿಷಯಕ್ಕೂ ಕೊನೇ ಮಾತು ತಮ್ಮದೇ ಆಗ್ಬೇಕು. ನನ್ನ ಗಂಡನಿಗೋ ಅಣ್ಣ ಅಂದ್ರೆ ದೇವರು.

ನಗಲಿ ಬಿಡಿ ಅಂತ ನಾನು ಬಿಚ್ಚೋಕೆ ಕೂತೆ. ಅಡಿಲೇಡ್‌ನಲ್ಲಿ ಇಂಥದ್ದೇ ಟ್ರಕ್ಕೊಂದನ್ನ ಬಿಚ್ಚಿ ಮಾರ್ತಿದ್ದ ಮುದುಕನ ಹತ್ತಿರ ರೇಡಿಯೇಟರ್, ಬ್ರೇಕಿನ ಸಾಮಾನು ತರಿಸಿದೆ. ತುಕ್ಕು ತೆಗೆಯೋ ಕೆಮಿಕಲ್ಲಿನ ರೇಟು ನೋಡಿ ತಲೆ ತಿರುಗ್ತು. ಹಿತ್ತಾಳೆ ಪಾತ್ರೇನ ಹುಣಸೆಹಣ್ಣಲ್ಲಿ ಉಜ್ಜಿ ಬೆಳೆದವಳಿಗೆ ಅದ್ಯಾಕೆ? ಬಕೆಟ್ ತುಂಬ ಹುಣಸೆ ನೀರು ಮಾಡಿ ಬೋಲ್ಟುಗಳನ್ನ ಎರಡು ದಿನ ನೆನೆಹಾಕಿದೆ. ಕಾರ್ಬುರೇಟರನ್ನ ಹಳೇ ಕುಕ್ಕರಿಗೆ ಹಾಕಿ ನಿಂಬೆರಸದಲ್ಲಿ ಕುದಿಸಿದೆ. ಆಫೀಸಿಂದ ಬಂದ ಗಂಡ ಮೂಗರಳಿಸಿ, "ಇವತ್ತು ನಿಂಬೆಹಣ್ಣಿನ ಸಾರಾ?" ಅಂದ್ರು.

"ಕಾರ್ಬುರೇಟರ್ ರೀ."

"ಅಯ್ಯೋ ಶಿವನೇ!"

ಹಳೇ ಪೇಂಟನ್ನ ಮರಳು ಕಾಗದದಲ್ಲಿ ಕೈಯಲ್ಲೇ ಉಜ್ಜಿ ಉಜ್ಜಿ ತೆಗೆದೆ. ತಿಂಗಳುಗಟ್ಟಲೆ ಭುಜ ಎತ್ತೋಕಾಗ್ತಿರಲಿಲ್ಲ. ಒಂದೂವರೆ ವರ್ಷ ಆದ್ಮೇಲೆ ಒಂದು ಮಧ್ಯಾಹ್ನ ಎಂಜಿನ್ ಎರಡು ಸಲ ಕೆಮ್ಮಿ, ಹೊಗೆ ಬಿಟ್ಟು, ಓಡ್ತು. ಮನೆ ಮುಂದೆ ಗಾಡಿ ನಿಲ್ಲಿಸೋ ಡ್ರೈವ್‌ವೇನಲ್ಲಿ ನಿಂತು ಗೊಳೋ ಅಂತ ಅತ್ತುಬಿಟ್ಟೆ.

ಆ ಖುಷಿ ಆರೋದರೊಳಗೆ ಮನೆ ಏಜೆಂಟಿನ ಪತ್ರ ಬಂತು. ನಮ್ಮದು ಬಾಡಿಗೆ ಮನೆ, ಆ ಏಜೆಂಟ್ ಮೂರು ತಿಂಗಳಿಗೊಮ್ಮೆ ಬಂದು ಮೂಲೆ ಮೂಲೆ ನೋಡ್ತಾಳೆ. ನೋಂದಣಿ ಇಲ್ಲದ ಗಾಡಿ ಡ್ರೈವ್‌ವೇನಲ್ಲಿ ಇರಕೂಡದು, ಸೋಮವಾರ ಬಂದಾಗ ತನಗದು ಕಾಣಿಸಬಾರದು ಅಂತ ಬರೆದಿದ್ದಳು. ನಾನು ಶುಕ್ರವಾರ ಹನ್ನೆರಡು ಗಂಟೆಗೆ ನೋಂದಣಿಗೆ ಬೇಕಾದ ಗಾಡಿ ತಪಾಸಣೆಗೆ ಸಮಯ ಗೊತ್ತುಮಾಡಿ, ಅಲ್ಲೀತನಕ ಓಡಿಸೋಕೆ ಒಂದು ದಿನದ ಪರ್ಮಿಟ್ಟೂ ತಗೊಂಡೆ. ಪಾಸಾದರೆ ಟ್ರಕ್ ನನ್ನದಾಗಿ ಉಳಿಯುತ್ತೆ. ಇಲ್ಲದಿದ್ದರೆ ಗುಜರಿ.

ಗುರುವಾರ ಆಯುಧಪೂಜೆ. ಭಾವಾನೂ ಹಬ್ಬಕ್ಕೆ ಅಂತ ಬಂದಿಳಿದಿದ್ದರು. ಇಲ್ಲೇ ನಾನು ಮಾಡಿದ್ದು ಘನಂದಾರಿ ಕೆಲಸ. ಸ್ನಾನ ಮಾಡಿಸದೆ ಗಾಡಿಗೆ ಪೂಜೆ ಮಾಡೋದುಂಟಾ? ಪೈಪ್ ಹಿಡಿದು, ಬಾನೆಟ್ ಎತ್ತಿ, ಎಂಜಿನ್ನಿಗೂ ಸೇರಿಸಿ ಧಾರಾಳವಾಗಿ ನೀರು ಬಿಟ್ಟೆ. ಡಿಪ್ಲೊಮಾ ಓದಿದವಳು ನಾನು! ಆಮೇಲೆ ಕೊಬ್ಬರಿ ಎಣ್ಣೆಯಲ್ಲಿ ಕುಂಕುಮ ಕಲಸಿ ಬಾನೆಟ್ಟಿಗೆ ಮೂರು ಬೊಟ್ಟಿಟ್ಟೆ, ನಾಲ್ಕೂ ಚಕ್ರದ ಹಿಂದೆ ನಿಂಬೆಹಣ್ಣು ಇಟ್ಟೆ, ಆರತಿ ಎತ್ತಿದೆ.

ಬೆಳಿಗ್ಗೆ ಎದ್ದು ನೋಡಿದರೆ ಇಡೀ ಟ್ರಕ್ ಕಿತ್ತಳೆ ಬಣ್ಣ. ಪೇಂಟಿಲ್ಲದ ಬರೀ ಕಬ್ಬಿಣ, ನೀರು ಕುಡಿದು ಒಂದೇ ರಾತ್ರಿಗೆ ತುಕ್ಕು ಹಿಡಿದಿತ್ತು. ಎಣ್ಣೆಯ ಕುಂಕುಮ ಇಟ್ಟ ಮೂರು ಜಾಗ ಮಾತ್ರ ಬಚಾವು. ಕೀ ತಿರುಗಿಸಿದೆ. ಕರ್ ಕರ್ ಅಂತು, ಹತ್ತಲಿಲ್ಲ. ಮತ್ತೆ ತಿರುಗಿಸಿದೆ. ಹತ್ತಲಿಲ್ಲ.

ಭಾವ ಕಾಫಿ ಲೋಟ ಹಿಡ್ಕೊಂಡು ಬಾಗಿಲಲ್ಲಿ ನಿಂತಿದ್ದರು.

"ಪೂಜೆ ಮಾಡಿಯೇ ಸಾಯಿಸಿಬಿಟ್ಯಲ್ಲಮ್ಮಾ. ಹೋಗ್ಲಿ ಬಿಡು, ಗುಜರಿಯವನಿಗೆ ಫೋನ್ ಮಾಡಿದೀನಿ. ಹನ್ನೊಂದಕ್ಕೆ ಬರ್ತಾನೆ. ನಿನ್ನ ಗಂಡಾನೂ ಸರಿ ಅಂದ."

ಗಂಡನ ಮುಖ ನೋಡಿದೆ. ಅವರು ತಮ್ಮ ಚಪ್ಪಲಿ ನೋಡ್ತಿದ್ದರು. ಮೈಯೆಲ್ಲ ಉರಿದುಹೋಯ್ತು. ಭಾವನ ಎದುರಿಗೆ ಅಲ್ಲೀತನಕ ದನಿ ಎತ್ತಿದವಳಲ್ಲ ನಾನು.

"ನನ್ನ ಗಾಡೀನ ಗುಜರಿಗೆ ಹಾಕೋಕೆ ಇವರ್ಯಾರು ರೀ? ಸರಿ ಅನ್ನೋಕೆ ನೀವ್ಯಾರು?"

ಉತ್ತರ ಕಾಯ್ತಾ ಕೂರೋಕೆ ನನಗೆ ಪುರುಸೊತ್ತಿರಲಿಲ್ಲ. ನಿನ್ನೆ ಓಡಿದ ಎಂಜಿನ್ ಇವತ್ತು ಓಡ್ತಿಲ್ಲ, ಮಧ್ಯೆ ಆಗಿದ್ದು ಆ ಸ್ನಾನ ಒಂದೇ. ಹಾಗಾದ್ರೆ ನೀರು ಎಲ್ಲೋ ಕೂತಿದೆ. ಪ್ಲಗ್ಗುಗಳಿಗೆ ಕರೆಂಟ್ ಹಂಚೋ ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿದೆ. ಒಳಗೆ ಹನಿ ಹನಿ ನೀರು. ನನ್ನ ಹಳೇ ಕಾಟನ್ ವೇಲು ತಂದು ಒರೆಸ್ತಿದ್ದೆ. ಪಕ್ಕದಿಂದ ಒಂದು ಕೈ ಹೇರ್ ಡ್ರೈಯರ್ ಚಾಚಿತು. ಗಂಡ. ಮನೆಯೊಳಗಿಂದ ಉದ್ದದ ವೈರೂ ಎಳೆದು ತಂದಿದ್ದರು.

ಒಣಗಿಸಿ, ಮುಚ್ಚಳ ಕೂರಿಸಿ, ಕೀ ತಿರುಗಿಸಿದೆ. ಒಂದು ಸಲ ಕೆಮ್ಮಿತು. ಆಮೇಲೆ ನೋಡಿ, ಬೀದಿಯ ನಾಯಿಗಳೆಲ್ಲ ಬೊಗಳೋ ಹಾಗೆ ಗುಡುಗಿತು. ಅಷ್ಟರಲ್ಲಿ ಗುಜರಿಯವನ ಗಾಡಿ ಬಂದು ಮನೆ ಮುಂದೆ ನಿಂತಿತು. "ವಾಪಸ್ ಕಳಿಸಿ ಅವನನ್ನ" ಅಂದೆ. ಗಂಡ ಓಡಿಹೋಗಿ ಅವನ ಹತ್ತಿರ ಮಾತಾಡಿ ಕಳಿಸಿಬಿಟ್ರು.

ಎಂಜಿನ್ ಓಡ್ತಿರೋ ಹಾಗೇ ಬಿಟ್ಟು ಬಾನೆಟ್ ಹಾಕೋಕೆ ಇಳಿದೆ. ಭಾವ ಲೋಟ ಕೆಳಗಿಟ್ಟು ದಡದಡ ಬಂದರು.

"ಸ್ಟಾರ್ಟ್ ಮಾಡಿದ್ದೀಯ, ಭೇಷ್. ಆದ್ರೆ ಇಂಥಾ ಗಾಡೀನ ಮೇನ್ ರೋಡಲ್ಲಿ ಓಡಿಸೋದು ನಿನ್ನ ಕೈಲಾಗಲ್ಲ. ಬಿಡು, ನಾನು ತಗೊಂಡ್ಹೋಗ್ತೀನಿ."

ಹಾಗಂದವರೇ ಬಲಗಡೆ ಬಾಗಿಲು ತೆಗೆದು, ಹತ್ತಿ ಕೂತು, ಬಾಗಿಲು ಹಾಕ್ಕೊಂಡು ಎರಡೂ ಕೈ ಮುಂದೆ ಚಾಚಿದರು. ಅಲ್ಲಿ ಸ್ಟೀರಿಂಗ್ ಇರಲಿಲ್ಲ. ಒಂದೂವರೆ ವರ್ಷ ಆಡಿಕೊಂಡು ನಕ್ಕ ಗಾಡಿಯ ಸ್ಟೀರಿಂಗ್ ಯಾವ ಕಡೆ ಇದೆ ಅಂತ ಒಂದು ದಿನವೂ ನೋಡಿರಲಿಲ್ಲ ಮಹಾರಾಯರು.

ನಾನು ಸುತ್ತಿ ಬಂದು ಎಡಗಡೆ ಹತ್ತಿದೆ. "ಬೆಲ್ಟ್ ಹಾಕ್ಕೊಳ್ಳಿ ಭಾವ" ಅಂದೆ. ಹಾಕ್ಕೊಂಡರು. ರಿವರ್ಸ್ ಹಾಕಿದೆ. ನಿಂಬೆಹಣ್ಣುಗಳು ಪಚಕ್ ಅಂದವು.

ದಾರಿಯುದ್ದಕ್ಕೂ ಭಾವ ಬೆಲ್ಟನ್ನ ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡ್ಕೊಂಡೇ ಕೂತಿದ್ದರು. ತಪಾಸಣೆಯವನು ಕಾಗದ ಸಿಕ್ಕಿಸಿದ ಹಲಗೆ ಹಿಡ್ಕೊಂಡು ಸೀದಾ ಬಲಗಡೆ ಕಿಟಕಿಗೇ ಬಂದು ಭಾವನನ್ನ ಕೇಳಿದ, "ಎಂಜಿನ್ ಕೆಲಸ ಯಾರು ಮಾಡಿದ್ದು?" ಭಾವ ಗಂಟಲು ಸರಿಮಾಡ್ಕೊಂಡರು. ನಾನು ಹಾರನ್ ಒತ್ತಿದೆ.

"ಡ್ರೈವರ್ ಈ ಕಡೆ ಇದ್ದಾಳೆ. ಮೆಕ್ಯಾನಿಕ್ಕೂ ಈ ಕಡೇನೇ. ಏನಿದ್ರೂ ನನ್ನ ಕೇಳು."

ಅವನು ಕೆಳಗೆ ತೂರಿ, ಚೌಕಟ್ಟನ್ನ ಸುತ್ತಿಗೆಯಲ್ಲಿ ತಟ್ಟಿ ತಟ್ಟಿ ನೋಡಿದ. ತುಕ್ಕನ್ನ ಬೆರಳಲ್ಲಿ ಒರೆಸಿ, ಬರೀ ಮೇಲ್ಮೇಲಿನದು ಅಂದ. ಒಂದು ಬ್ರೇಕ್ ಲೈಟ್ ಉರೀತಿರಲಿಲ್ಲ, ಅವನ ಎದುರಿಗೇ ಬಲ್ಬ್ ಬದಲಾಯಿಸಿದೆ. ಪಾಸ್ ಅಂತ ಬರೆದು ಚೀಟಿ ನನ್ನ ಕೈಗೆ ಕೊಟ್ಟ. ಆ ಟ್ರಕ್ಕಿಗೆ ನಾನು ಪೇಂಟ್ ಹೊಡೆಯಲೇ ಇಲ್ಲ, ಎಣ್ಣೆ ಉಜ್ಜಿ ಕಿತ್ತಳೆ ಬಣ್ಣದಲ್ಲೇ ಬಿಟ್ಟೆ. ದುಡ್ಡೂ ಉಳೀತು.

ಭಾವ ಪಕ್ಕದಲ್ಲಿ ಕೂತಿರೋ ಹಾಗೇ ಮನೆಗೆ ಫೋನ್ ಮಾಡಿದೆ. ಗಂಡ ಮೊದಲನೇ ರಿಂಗಿಗೇ ಎತ್ತಿದರು. ಆರು ವರ್ಷ ಹೇಳಿ ಹೇಳಿ ಸವೆದ ಮಾತು ತಾನಾಗೇ ಬಾಯಿಗೆ ಬಂತು.

"ಸರ್, ಗಾಡಿ ರೆಡಿ ಸರ್. ನಿಮ್ಮದಲ್ಲ, ನಂದು."