ಮೂರನೆಯ ಸಲದ ಕರೆ

ಹೈದರಾಬಾದಿನ ಸನತ್‌ನಗರದ ಕನ್ನಡ ಕ್ರೈಸ್ತ ಸಭೆಯಲ್ಲಿ ಬೂದೆಪ್ಪ ಮೇಸ್ತ್ರಿಯಷ್ಟು ದೀನ ಮನುಷ್ಯ ಇನ್ನೊಬ್ಬನಿರಲಿಲ್ಲ; ಈ ಮಾತಿಗೆ ಮೊದಲ ಸಾಕ್ಷಿ ಬೂದೆಪ್ಪನೇ. ಬೀದರ್ ಕಡೆಯಿಂದ ಗಾರೆ ಕೆಲಸಕ್ಕೆ ಬಂದವನು. ಅಜ್ಜನ ಕಾಲಕ್ಕೇ ಮನೆತನ ಕ್ರೈಸ್ತವಾಗಿತ್ತು, ಹೆಸರು ಮಾತ್ರ ಹಳೆಯದೇ ಉಳಿದಿತ್ತು. ಮಾಧಾಪುರದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡಗಳು ಏಳತೊಡಗಿದ ಮೇಲೆ ಅವನ ಕೈಕೆಳಗೆ ನಲವತ್ತು ಆಳುಗಳಾದರು. ಆದರೂ ಭಾನುವಾರ ಅವನು ಕೂರುತ್ತಿದ್ದುದು ಕಡೆಯ ಬೆಂಚಿನಲ್ಲಿ, ಚಪ್ಪಲಿಗಳ ಪಕ್ಕ.

ಕಾರಣವಿತ್ತು. ಔತಣದಲ್ಲಿ ಕಡೆಯ ಜಾಗ ಹಿಡಿದವನನ್ನು ಯಜಮಾನನೇ ಬಂದು ಮೇಲಕ್ಕೆ ಕರೆಯುತ್ತಾನೆಂದು ಯೇಸು ಹೇಳಿದ್ದನ್ನು ಹನ್ನೊಂದು ವರ್ಷದ ಹಿಂದೆ ಪ್ರಸಂಗದಲ್ಲಿ ಕೇಳಿದ್ದ. ಅಂದಿನಿಂದ ಕಾಯುತ್ತಲೇ ಇದ್ದ. ಕರೆದಾಗ ಎರಡು ಸಲ ಒಲ್ಲೆ ಅನ್ನಬೇಕು, ಮೂರನೆಯದಕ್ಕೆ ತಲೆ ತಗ್ಗಿಸಿ ಹೋಗಬೇಕು ಎಂದು ಹೆಂಡತಿ ಸುಗಲಮ್ಮನ ಎದುರು ಅಭ್ಯಾಸವನ್ನೂ ಮಾಡಿದ್ದ.

"ಕರೀಲಿಲ್ಲಂದ್ರ?" ಎಂದಳು ಅವಳು.

"ಕರೀತಾರ. ಈ ಹೈದರಾಬಾದಿನಾಗ ನನ್ನಷ್ಟು ತಗ್ಗಿದಾಂವ ಯಾರದಾನ ತೋರ್ಸು!"

ಸಭೆಗೆ ಹೊಸ ಚರ್ಚು ಎದ್ದಿತು. ಅದರ ನೆಲವನ್ನು ಬೂದೆಪ್ಪನೇ ಕೂಲಿಯಿಲ್ಲದೆ ಹಾಸಿದ. ಮೊದಲು ಬಾಗಿಲು ತೆರೆಯುವುದು ಸಭೆಯ ಅತಿ ಹಳೆಯ ಸದಸ್ಯ ಎಂಬುದು ಅವರ ವಾಡಿಕೆ; ಆ ಹಳಬನೂ ಬೂದೆಪ್ಪನೇ. ಪ್ರತಿಷ್ಠೆಯ ದಿನ ಬಿಷಪರು ಬೀಗದ ಕೈ ಚಾಚಿ ಕರೆದರು.

"ಬ್ಯಾಡ್ರಿ ಅಯ್ಯಗಳ, ನಾ ಕಾಲಾಗಿನ ಧೂಳ್ರಿ."

"ಬರ್ರಿ ಮೇಸ್ತ್ರಿ, ನಿಮ್ಮ ಹಕ್ಕು ಇದು."

"ನಾ ಯೋಗ್ಯ ಅಲ್ರಿ."

ಬಿಷಪರ ಕಣ್ಣು ತುಂಬಿ ಬಂತು. "ಇಂಥವರನ್ನ ಒತ್ತಾಯ ಮಾಡಿದ್ರ ನಮಗ ಪಾಪ ಬರ್ತೈತಿ," ಎಂದವರೇ ಬೀಗದ ಕೈಯನ್ನು ಪಕ್ಕದಲ್ಲಿದ್ದ ಸುನಂದರಾಜನಿಗೆ ಕೊಟ್ಟುಬಿಟ್ಟರು. ಅವನು ಸಾಫ್ಟ್‌ವೇರ್ ಮ್ಯಾನೇಜರು, ಸಭೆ ಸೇರಿ ಒಂಬತ್ತು ತಿಂಗಳಾಗಿತ್ತು. "ಥ್ಯಾಂಕ್ಯೂ" ಅಂದು ಒಂದೇ ಏಟಿಗೆ ಬಾಗಿಲು ತೆರೆದ. ಬೂದೆಪ್ಪನ ಬಲಗಾಲು ಆಗಲೇ ಮುಂದಕ್ಕೆ ಹೋಗಿತ್ತು; ಮೆಲ್ಲಗೆ ವಾಪಸ್ ತಂದುಕೊಂಡ.

ಆಮೇಲೆ ಬಿಷಪರು ಅವನನ್ನು ಎದ್ದು ನಿಲ್ಲಿಸಿ, ಬೆರಳು ತೋರಿಸಿ, ದೀನತೆ ಎಂದರೇನೆಂದು ಮುಕ್ಕಾಲು ಗಂಟೆ ವಿವರಿಸಿದರು. ತನ್ನನ್ನು ತಾನೇ ಮರೆತವನು ದೀನನಂತೆ. ಜನ ಚಪ್ಪಾಳೆ ತಟ್ಟಿದರು. ಬೂದೆಪ್ಪನಿಗೆ ಆ ಹೊತ್ತಿನಲ್ಲಿ ತನ್ನ ಹೊರತು ಬೇರೇನೂ ನೆನಪಿರಲಿಲ್ಲ.

ಮನೆಯಲ್ಲಿ ಸುಗಲಮ್ಮ ಕೇಳಿದಳು: "ಮೂರನೇದ್ದು ಯಾವ ಬಸ್ಸಿಗೆ ಬರ್ತೈತಂತ?"

ಮುಂದಿನ ಭಾನುವಾರ ಬೂದೆಪ್ಪ ಎಲ್ಲರಿಗಿಂತ ಮೊದಲೇ ಹೋಗಿ, ಯಾರೂ ಕರೆಯದೆ, ಮೊದಲ ಬೆಂಚಿನ ನಡುವೆ ಕೂತ.

"ಕಾಕಾ, ದಾರಿ ತಪ್ಪಿ ಬಂದ್ರೇನು?" ಎಂದ ಸುನಂದರಾಜ, ಬಲು ಪ್ರೀತಿಯಿಂದ.

"ಯಾಕ, ನಿಮ್ಮಪ್ಪನ ಬೆಂಚೇನಿದು? ಈ ನೆಲ ಹಾಸಿದಾಂವ ನಾ! ಹನ್ನೊಂದು ವರ್ಷ ಚಪ್ಪಲಿ ವಾಸನಿ ಕುಡದೀನಿ!"

ಸಭೆಯ ಪಾಸ್ಟರರು ತಲೆಯಲ್ಲಾಡಿಸಿದರು. "ಹೊಗಳಿಕಿ ತಲಿಗೇರೇತಿ. ಗರ್ವದ ದೆವ್ವ. ಬರ್ರಿ ಎಲ್ಲಾರೂ, ಕೈ ಇಡ್ರಿ."

ಎಲ್ಲರೂ ಬಂದರು. ಅವನನ್ನು ಮೊಣಕಾಲೂರಿಸಿ, ತಲೆಯ ಮೇಲೆ ಕೈಯಿಟ್ಟು, ದೆವ್ವ ತೊಲಗಲೆಂದು ಕೂಗಿ ಕೂಗಿ ಪ್ರಾರ್ಥಿಸಿದರು. ತೀರಾ ಒತ್ತಿ ಹಿಡಿದವನು ಹುಲಗೇಶ, ಅವನದೇ ಆಳು. ಇಟ್ಟಿಗೆ ಹೊರಿಸುವಾಗ ಮೇಸ್ತ್ರಿಯಿಂದ ದಿನವೂ ಕತ್ತೆ ಅನ್ನಿಸಿಕೊಂಡವನು.

"ಹೋತೇನ್ರಿ ಗರ್ವ?" ಎಂದರು ಪಾಸ್ಟರರು.

ಬೂದೆಪ್ಪನ ಮೂಗು ನೆಲದ ಕಲ್ಲಿಗೆ ತಾಗಿತ್ತು. "ಹೋತ್ರಿ."

"ಜೋರಾಗಿ!"

"ಹೋತ್ರೀ!"

"ಇಲ್ರಿ ಅಯ್ಯಗಳ," ಎಂದ ಹುಲಗೇಶ, ಇನ್ನೊಂದು ಕೈಯನ್ನೂ ಇಡುತ್ತ, "ಇನ್ನಾ ಭಾಳ ಐತಿ. ಕೈಗೆ ಹತ್ತಾಕತ್ತೈತಿ."