ನಾಲಿಗೆಗೆ ತಾಕಿಸಿದ ಕಲ್ಲು

ಬೆಳಿಗ್ಗೆ ಮೊಮ್ಮಗಳು ಅಂಗಳದ ಕಲ್ಲೊಂದನ್ನು ನೆಕ್ಕಿದಳು. ಸೊಸೆ "ಥೂ!" ಎಂದು ಕೂಗಿದಳು. ನನಗೆ ಮಾತ್ರ ಅಗ್ರಹಾರದ ನಮ್ಮ ಜಗಲಿ, ಕಾದ ಅರಗಿನ ವಾಸನೆ ನೆನಪಾಯಿತು.

ಅಪ್ಪ ಒಡವೆಯ ಕಲ್ಲುಗಳನ್ನು ಅರಗಿನಿಂದ ಕಡ್ಡಿಯ ತುದಿಗೆ ಅಂಟಿಸಿ ಸಾಣೆ ಹಿಡಿಯುತ್ತಿದ್ದರು. ಹೊಳಪು ಬಂದರೆ ಬಣ್ಣ ಹೇಗೆ ಕಾಣುತ್ತದೆಂದು ತಿಳಿಯಲು ಒರಟು ಕಲ್ಲನ್ನು ಮೊದಲು ನಾಲಿಗೆಗೆ ತಾಕಿಸಿ ಬಿಸಿಲಿಗೆ ಹಿಡಿಯುವರು. ತಮ್ಮ ತಂಗಿಯ, ಅಂದರೆ ನಮ್ಮತ್ತೆಯ, ಮದುವೆ ಪದಕಕ್ಕೆಂದು ಜೋಪಾನ ಮಾಡಿದ್ದ ಕೆಂಪು ಕಲ್ಲು ಒಂದು ದಿನ ಸಾಣೆಯ ಮೇಲೇ ಎರಡು ಹೋಳಾಯಿತು. ಅಪ್ಪ ಚಕ್ರ ನಿಲ್ಲಿಸಿ ತಲೆ ತಗ್ಗಿಸಿ ಕೂತರು. ಅಜ್ಜಿ ಅಪಶಕುನವೆಂದು ಅಳತೊಡಗಿದರು.

ಅತ್ತೆ ಬಂದು ಎರಡೂ ಚೂರುಗಳನ್ನು ಅಪ್ಪನ ಹಾಗೆಯೇ ನಾಲಿಗೆಗೆ ತಾಕಿಸಿ ಬಿಸಿಲಿಗೆ ಹಿಡಿದಳು.

"ಬಣ್ಣ ಎಲ್ಲೂ ಹೋಗಿಲ್ಲ ಕಣಣ್ಣ. ಪದಕ ಬ್ಯಾಡ, ಓಲೆ ಮಾಡ್ಬುಡು."

ಆ ಓಲೆ ಹಾಕಿಕೊಂಡೇ ಹಸೆಮಣೆ ಏರಿದಳು.

ಮೊಮ್ಮಗಳನ್ನು ನಾನು ಬೈಯಲಿಲ್ಲ. "ಬಿಸಿಲಿಗೆ ಹಿಡಿ ಪುಟ್ಟಿ, ಯಾವ ಬಣ್ಣ ಬಂತು ನೋಡೋಣ" ಎಂದೆ.