ಅಡುಗೆ ಅಕ್ಕ ಮತ್ತು ನಮ್ಮ ಬಾಯಿಹುಣ್ಣು

ಅವರ ಬಲಗೈಯ ಹೆಬ್ಬೆರಳು, ತೋರುಬೆರಳು ಸದಾ ಅರಿಶಿನ ಹತ್ತಿ ಹಳದಿಯಾಗಿರುತ್ತಿದ್ದವು. ಯಾರ ತಟ್ಟೆ ಉಣ್ಣದೆ ವಾಪಸು ಬಂದಿತ್ತೋ, ಮುಂದಿನ ಊಟದ ಸಾಲಿನಲ್ಲಿ ಅವಳ ಗಲ್ಲವನ್ನು ಆ ಬೆರಳುಗಳಿಂದ ಎತ್ತಿ, “ಬಾಯ್ ತೆಗಿ ಮಗ” ಎನ್ನುತ್ತಿದ್ದರು. ಹುಣ್ಣು ಕಂಡರೆ ಸಾಂಬಾರಿಲ್ಲ, ಮೊಸರನ್ನ. ಕುಶಾಲನಗರದ ಹತ್ತಿರದ ನಮ್ಮ ಹುಡುಗಿಯರ ಹಾಕಿ ಹಾಸ್ಟೆಲಿನಲ್ಲಿ ಗಲ್ಲಕ್ಕೆ ಅರಿಶಿನ ಮೆತ್ತಿಕೊಂಡು ಓಡಾಡುವವಳನ್ನು ಉಳಿದವರು ಮದುಮಗಳೆಂದು ರೇಗಿಸುತ್ತಿದ್ದೆವು.

ನಮಗೆಲ್ಲ ಅವರು ಅಡುಗೆ ಅಕ್ಕ. ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿಕೊಂಡಿದ್ದ ಮನೆಯವರು. ಗಂಡ ತೀರಿಕೊಂಡ ಮೇಲೆ ಹಾಸ್ಟೆಲಿನ ಒಲೆಯೇ ಅವರ ಜೀವನವಾಗಿತ್ತು.

ಆ ವರ್ಷ ರಾಜ್ಯ ತಂಡದ ಆಯ್ಕೆ ಹತ್ತಿರವಾದಂತೆ ನಮ್ಮ ಕೋಚ್ ಸಾರ್ ಭಾನುವಾರದ ರಜೆ ಕಿತ್ತುಕೊಂಡರು. ಬೆಳಿಗ್ಗೆ ಓಟ, ಮಧ್ಯಾಹ್ನ ಜಿಮ್, ಸಂಜೆ ಆಟ. ತಿಂಗಳಾಗುವಷ್ಟರಲ್ಲಿ ಒಬ್ಬಳ ಶೀತ ಬಿಡುವ ಮುಂಚೆ ಇನ್ನೊಬ್ಬಳಿಗೆ ಜ್ವರ. ಎಲ್ಲರ ಬಾಯಲ್ಲೂ ಹುಣ್ಣು.

ಅಕ್ಕ ಮೈದಾನಕ್ಕೇ ಹೋಗಿ ಹೇಳಿದರು: “ಸಾರ್, ಮಕ್ಳ ಮೈ ಸೋತೋಗದೆ. ಅದ್ಕೇ ಕಾಯ್ಲೆ ಬಿಡ್ತಿಲ್ಲ. ನಾಕು ದಿನ ಮಲಗುಸ್ರಿ.”

“ನೀವು ಸಾಂಬಾರ್ ನೋಡ್ಕೊಳ್ಳಿ. ಟ್ರೈನಿಂಗ್ ನಾನ್ ನೋಡ್ಕೋತೀನಿ” ಎಂದರು ಸಾರ್.

ಐದು ಜನ ಹಾಸಿಗೆ ಹಿಡಿದಾಗ ಮೇಲಿನವರು ಕಾರಣ ಕೇಳಿದರು. ಸಾರ್ ಒಂದು ಪತ್ರ ಬರೆದು ತಂದರು: ಅಡುಗೆ ಶುಚಿಯಿಲ್ಲ, ಖಾರ ಜಾಸ್ತಿ, ಅದರಿಂದಲೇ ಕಾಯಿಲೆ. “ಕ್ಯಾಪ್ಟನ್ ಮೊದ್ಲು” ಎಂದು ಪೆನ್ನು ಕೊಟ್ಟರು. ಕ್ಯಾಪ್ಟನ್ ನಾನು. ಸಹಿ ಹಾಕದಿದ್ದರೆ ತಂಡದಿಂದ ಕೈಬಿಡುತ್ತಾರೆಂದು ಹೆದರಿ ಹಾಕಿದೆ. ಬೆಳಿಗ್ಗೆ ತಿಂದಿದ್ದು ಅಕ್ಕ ಕೊಟ್ಟ ಮೊಸರನ್ನವನ್ನೇ. ನಾಚಿಕೆಗೆಟ್ಟ ಕೈ ನನ್ನದು.

ಮರುದಿನ ಅಕ್ಕ ಜ್ವರದವರಿಗೆ ಗಂಜಿ ಬಸಿದಿಟ್ಟು, ಒಂದು ಚೀಲ ಹಿಡಿದು ಸುಂಟಿಕೊಪ್ಪದ ಬಸ್ಸು ಹತ್ತಿದರು. ಹೊಸ ಅಡುಗೆಯವರು ಬಂದರು. ಸಾಂಬಾರು ಸಪ್ಪೆಯಾಯಿತು, ಹುಣ್ಣು ಹಾಗೇ ಉಳಿಯಿತು. ಆಯ್ಕೆಯ ದಿನ ನಾನು ಜ್ವರದಲ್ಲಿ ಮಲಗಿದ್ದೆ.

ವರ್ಷಗಳ ನಂತರ ಕೋಚಿಂಗ್ ಕೋರ್ಸಿಗೆ ಸೇರಿದೆ. ವಿಶ್ರಾಂತಿಯಿಲ್ಲದೆ ಅತಿಯಾಗಿ ದುಡಿಸಿದರೆ ಎಳೆಯರ ರೋಗನಿರೋಧಕ ಶಕ್ತಿ ಕುಗ್ಗಬಹುದು, ಪದೇ ಪದೇ ಬರುವ ಶೀತ, ಬಾಯಿಹುಣ್ಣುಗಳು ಅದರ ಸೂಚನೆಯಾಗಿರಬಹುದು ಎಂದು ಅಲ್ಲಿ ಪಾಠ ಮಾಡಿದರು. ಉಳಿದವರು ಬರೆದುಕೊಂಡರು. ನನಗೆ ಬರೆಯಲಾಗಲಿಲ್ಲ.

ಅದೇ ರಜೆಯಲ್ಲಿ ಸುಂಟಿಕೊಪ್ಪದಲ್ಲಿ ಇಳಿದು ಅಕ್ಕನನ್ನು ಹುಡುಕಿದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಸಣ್ಣ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದರು. ಒಲೆಯ ಹತ್ತಿರ ಬಿಟ್ಟಿರಲಿಲ್ಲ, ಬೆರಳುಗಳು ಬೆಳ್ಳಗಾಗಿದ್ದವು. ನನ್ನನ್ನು ಕಂಡದ್ದೇ ಮೊಸರನ್ನ ತಂದಿಟ್ಟು, ಉಪ್ಪಿನಕಾಯಿಯನ್ನು ಆಚೆ ಸರಿಸಿ ಕೇಳಿದರು: “ಹುಣ್ಣು ವಾಸಿ ಆಯ್ತಾ ಮಗ?”

“ಆಯ್ತು ಅಕ್ಕ” ಎಂದೆ. ಮೊದಲ ಸಹಿ ನನ್ನದೆಂದು ಹೇಳಲೆಂದೇ ಹೋಗಿದ್ದೆ. ತಟ್ಟೆ ಖಾಲಿ ಮಾಡಿ ಎದ್ದು ಬಂದೆ. ಮುಂದಿನ ಸಲ ಹೋದಾಗ ಅವರು ಸತ್ತು ಮೂರು ತಿಂಗಳಾಗಿತ್ತು.

ಈಗ ನಾನೇ ಕೋಚ್. ಅಭ್ಯಾಸಕ್ಕೆ ಮುಂಚೆ ಒಬ್ಬೊಬ್ಬಳ ಗಲ್ಲ ಎತ್ತಿ ಬಾಯಿ ನೋಡುತ್ತೇನೆ. ಹುಣ್ಣು ಕಂಡರೆ, ಶೀತ ಹಿಡಿದಿದ್ದರೆ, ಮಲಗಲು ಕಳಿಸುತ್ತೇನೆ.

“ಇದೆಲ್ಲ ಎಲ್ಲಿ ಕಲಿತ್ರಿ ಮಿಸ್?” ಎಂದು ಹುಡುಗಿಯರು ಕೇಳುತ್ತಾರೆ.

“ಕೋರ್ಸಲ್ಲಿ” ಎನ್ನುತ್ತೇನೆ.